ಕುರೆಂತನ ಸೊಂಟದ ಕರವಸ್ತ್ರ

ಜೆಸಿಂತಾ, ಅಂದು ಯಾನೆಜ್ ಪಾರ್ಕಿಂಗಿನಲ್ಲಿ ಕುಸಿದು ಬೀಳುವಾಗ ಅವನ ಹತ್ತಿರ ಯಾರೂ ಇರಲಿಲ್ಲ ಎಂದು ಎಲ್ಲರೂ ನಂಬಿದ್ದಾರೆ. ನಾನಿದ್ದೆ. ಅವನು ಸಹಾಯ ಕೇಳಿದ, ನಾನು ಮಾಡದೆ ಮೆಟ್ಟಿಲು ಹತ್ತಿ ಬಂದೆ. ಆಮೇಲೆ ಜನ ನಿನ್ನ ಹೆಸರು ಕೆಡಿಸಿದಾಗಲೂ ಬಾಯಿ ಬಿಡಲಿಲ್ಲ.

ನಿನಗೆ ಗೊತ್ತಿರುವುದನ್ನೂ ಹೇಳುತ್ತೇನೆ, ಯಾಕೆಂದರೆ ನನಗೆ ಅದು ಬೇರೆಯಾಗಿಯೇ ಕಂಡಿತ್ತು. ಸ್ಲೊವೇನಿಯಾದ ಯಾನೆಜ್, ರುಸೈಲ್‌ನ ಫ್ಯಾಕ್ಟರಿಯಲ್ಲಿ ನನ್ನ ಜೊತೆಗಾರ, ಸೀಬ್‌ನ ನಮ್ಮ ಕಟ್ಟಡದಲ್ಲೇ ಕೆಳಗಿನ ಮನೆ, ಹೆಂಡತಿ ಬಿಟ್ಟುಹೋದವನು. ದಿನಾ ಒಂದೇ ಕಾರಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದೆವು. ಈಸ್ಟರಿಗೆ ಮುಂಚಿನ ಉಪವಾಸದ ತಪಸ್ಸುಕಾಲ ಹತ್ತಿರ ಬಂದಾಗ ಅವನು ತನ್ನೂರಿನ ಕುರೆಂತ್ ವೇಷದ ಮಾತು ತೆಗೆದ — ಮೈತುಂಬ ಕುರಿಯ ಚರ್ಮ, ಸೊಂಟಕ್ಕೆ ದನದ ದೊಡ್ಡ ಗಂಟೆಗಳು, ಚರ್ಮದ ಮುಖವಾಡ, ಎದೆಯವರೆಗೆ ಜೋಲುವ ಕೆಂಪು ನಾಲಿಗೆ. ಮನೆ ಮನೆಗೆ ಕುಣಿದು ಹೋಗಿ ಚಳಿಗಾಲವನ್ನು ಓಡಿಸುವುದಂತೆ.

"ಈ ಮರಳುಗಾಡಿನಲ್ಲಿ ಓಡಿಸಲಿಕ್ಕೆ ಚಳಿ ಎಲ್ಲಿದೆ ಮಾರಾಯ?" ಎಂದು ನಕ್ಕೆ.

ಅವನೂ ನಕ್ಕ. "ಹಿಂದೆ ಮದುವೆಯಾಗದವರು ಮಾತ್ರ ಹಾಕುತ್ತಿದ್ದರು. ಹುಡುಗಿಯರು ಮನಸ್ಸಿಗೆ ಬಂದವನ ಸೊಂಟಕ್ಕೆ ಕರವಸ್ತ್ರ ಕಟ್ಟುತ್ತಿದ್ದರು."

ಊರಿಂದ ತಂದ ಆ ವೇಷ ಒಂದು ಕಡೆ ಹರಿದಿತ್ತು. ಹೊಲಿದು ಕೊಡುತ್ತೇನೆ ಎಂದು ನೀನು ಕೆಳಗೆ ಹೋಗತೊಡಗಿದೆ. ಒಂದು ಹೊಲಿಗೆಗೆ ಇಷ್ಟು ಹೊತ್ತೇ? ಡ್ಯೂಟಿಯಿಂದ ಬಂದವನು ಮೊದಲು ಅವನ ಬಾಗಿಲ ಮುಂದೆ ನಿನ್ನ ಚಪ್ಪಲಿ ಇದೆಯೇ ಎಂದು ನೋಡುತ್ತಿದ್ದೆ. ಒಳಗೆ ನಗು ಕೇಳುತ್ತಿತ್ತು. ನಾನು ಬೆಲ್ ಒತ್ತಿದರೆ ನಿಲ್ಲುತ್ತಿತ್ತು — ನಿಲ್ಲುತ್ತಿತ್ತೋ, ನನಗೆ ಹಾಗೆ ಅನಿಸುತ್ತಿತ್ತೋ. ಒಮ್ಮೆ ನಿನ್ನ ಭುಜದ ಮೇಲೆ ಬಿಳಿ ಉಣ್ಣೆ ಅಂಟಿತ್ತು. ತೆಗೆದು ಜೇಬಿಗೆ ಹಾಕಿಕೊಂಡೆ. ಏನನ್ನೂ ಕೇಳಲಿಲ್ಲ. ಕೇಳಿದ್ದರೆ —

ನಮ್ಮ ಕಟ್ಟಡದಲ್ಲಿ ಅವನು ಆ ವೇಷ ಹಾಕಿ ಕುಣಿದ ಶುಕ್ರವಾರ ನನಗೆ ಡ್ಯೂಟಿ. ಬಂದಾಗ ಕುಣಿತ ಮುಗಿದಿತ್ತು. ನೀವೆಲ್ಲ ಟೆರೇಸಿನಲ್ಲಿ ಊಟಕ್ಕೆ ಸಿದ್ಧ ಮಾಡುತ್ತಿದ್ದಿರಿ. ಅವನೊಬ್ಬನೇ ಪಾರ್ಕಿಂಗಿನ ಗೋಡೆಗೆ ಒರಗಿ, ಮುಖವಾಡ ತೆಗೆದು ನಿಂತಿದ್ದ. ಮುಖ ಕೆಂಪಡರಿತ್ತು. ಸೊಂಟದಲ್ಲಿ, ಗಂಟೆಗಳ ನಡುವೆ, ನೀಲಿ ಅಂಚಿನ ನಿನ್ನ ಕರವಸ್ತ್ರ. ಬೇರೆ ಕರವಸ್ತ್ರಗಳೂ ಇದ್ದವು, ಈಗ ನೆನಪಾಗುತ್ತದೆ. ಆಗ ಕಂಡದ್ದು ಅದೊಂದೇ.

"ವಿನ್ಸೆಂಟ್, ಹಿಂದಿನ ಬಕಲ್ ಬಿಚ್ಚು. ಉಸಿರು ಕಟ್ಟುತ್ತಿದೆ."

"ಕಟ್ಟಿದವಳನ್ನೇ ಕರೆದು ಬಿಚ್ಚಿಸಿಕೋ" ಎಂದೆ.

ಅವನಿಗೆ ಅರ್ಥವಾಗಲಿಲ್ಲ, ನನ್ನ ಮುಖ ನೋಡಿದ. ನಾನು ಮೆಟ್ಟಿಲು ಹತ್ತಿದೆ. ಹಿಂದೆ ಗಂಟೆಗಳೆಲ್ಲ ಒಟ್ಟಿಗೆ ಬಡಿದುಕೊಂಡ ಸದ್ದು — ಕೇಳಿಸಿತು ಜೆಸಿಂತಾ, ಚೆನ್ನಾಗಿ ಕೇಳಿಸಿತು. ತಿರುಗಲಿಲ್ಲ.

ಅವನಿಗೆ ನೀರು ಕೊಡಲು ಇಳಿದವಳು ನೀನು. ಪಟ್ಟಿಗಳನ್ನು ಬಿಚ್ಚಿ, ಚರ್ಮ ಸರಿಸಿ, ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂಗಿದೆ. ಓಡಿ ಬಂದವರು ಕಂಡದ್ದು ಅರೆಬತ್ತಲೆಯ ಗಂಡಸನ್ನು, ಅವನನ್ನು ಅವಚಿಕೊಂಡ ನಿನ್ನನ್ನು. ಅವನ ಜೀವ ಉಳಿಯಿತು. ಆದರೆ ಹೃದಯ ಸರಿಯಿಲ್ಲವೆಂದು ಕಂಪನಿ ಅವನನ್ನು ಊರಿಗೆ ಕಳಿಸಿತು. ನಮ್ಮ ಪ್ರಾರ್ಥನಾಕೂಟದ ಹೆಂಗಸರು ಮಾತ್ರ ಬೇರೆಯೇ ಲೆಕ್ಕ ಹಾಕಿದರು: "ಬಕಲ್ ಎಲ್ಲಿದೆ ಅಂತ ಅವಳಿಗೆ ಹೇಗೆ ಗೊತ್ತು ಮಾರಾಯ್ತಿ?"

ಎರಡು ದಿನದ ಮೇಲೆ ಯಾರೋ ವಾಟ್ಸಪ್ಪಿಗೆ ವಿಡಿಯೋ ಹಾಕಿದರು. ಕಟ್ಟಡದ ಹೆಂಗಸರೆಲ್ಲ ಸಾಲಾಗಿ ನಗುತ್ತಾ ಅವನಿಗೆ ಕರವಸ್ತ್ರ ಕಟ್ಟುತ್ತಿದ್ದರು. ನೀನು ಕೊನೆಯವಳು; ನಮ್ಮ ಮಗಳು ಕೈಹಿಡಿದು ಎಳೆದದ್ದಕ್ಕೆ ಬಂದವಳು. ಅಷ್ಟೇ. ಅಂದೇ ನಾನು ಹೇಳಬಹುದಿತ್ತು. ಆ ರಾತ್ರಿ ನೀನು ಕೇಳಿದೆ, "ನೀನೂ ಹಾಗೇ ತಿಳ್ಕೊಂಡಿದ್ದೀಯಾ?" ನಾನು ಸುಮ್ಮನಿದ್ದೆ. ಇಲ್ಲ ಎಂದರೆ ಉಳಿದದ್ದನ್ನೂ ಹೇಳಬೇಕಾಗುತ್ತಿತ್ತು. ನನ್ನ ಮೌನವನ್ನು ನೀನು ಹೌದು ಎಂದೇ ತಿಳಿದೆ. ಕೂಟಕ್ಕೆ ಹೋಗುವುದನ್ನು ಬಿಟ್ಟೆ, ಹಾಡುವುದನ್ನು ಬಿಟ್ಟೆ. ವರ್ಷಗಳು ಹೋದವು.

ನಾನು ಬಿಟ್ಟುಹೋದದ್ದು ಯಾನೆಜ್‌ಗೆ ನೆನಪಿಲ್ಲವೆಂದು ನಂಬಿದ್ದೆ. ಒಮ್ಮೊಮ್ಮೆ ಆ ನಂಬಿಕೆಯ ಮೇಲೂ ಅನುಮಾನ ಬರುತ್ತಿತ್ತು. ಮೊನ್ನೆ ಫೋನ್ ಮಾಡಿದ. ಬಹಳ ಹೊತ್ತು ಹವೆಯ ಮಾತಾಡಿ, ಕೊನೆಗೆ ಕೇಳಿದ: "ಅವತ್ತು ಯಾಕೆ ಹೋದೆ ಎಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ. ಜೆಸಿಂತಾಳಿಗಾದರೂ ಹೇಳಿದ್ದೀಯಾ?"

ಇಲ್ಲ ಎಂದೆ. ಅವನು ಫೋನ್ ಇಟ್ಟ.

ಈಗ ನಿನಗೆ ಹೇಳಿದ್ದೇನೆ. ಬರುವ ಶುಕ್ರವಾರ ಕೂಟದಲ್ಲಿ ಎಲ್ಲರ ಮುಂದೆ ನಿಂತು ಇಷ್ಟನ್ನೇ ಹೇಳುತ್ತೇನೆ — ಯಾರು ಬಿಟ್ಟು ಹೋದದ್ದು, ಯಾರು ಬದುಕಿಸಿದ್ದು. ನೀನು ಬರಬೇಕೆಂದು ಕೇಳುವುದಿಲ್ಲ. ಕ್ಷಮಿಸು ಎಂದೂ ಕೇಳುವುದಿಲ್ಲ. ಅಲ್ಲಿಂದ ಮನೆಗೆ ಬಂದಾಗ ನೀನು ಬಾಗಿಲು ತೆಗೆಯದಿದ್ದರೆ, ಹೊರಗೇ ಇರುತ್ತೇನೆ.