ಕೊನೆಯದಾಗಿ ಓದಿದ ಶಾಲೆ

ಒಂದು ತಪ್ಪೊಪ್ಪಿಗೆಯಿಂದಲೇ ಶುರು ಮಾಡಿಬಿಡುತ್ತೇನೆ. ಯಾವ ಅರ್ಜಿಯಲ್ಲಾದರೂ ‘ಕೊನೆಯದಾಗಿ ಓದಿದ ಶಾಲೆ’ ಎಂಬ ಕಾಲಂ ಬಂದರೆ ನನ್ನ ಅಕ್ಷರ ತಾನಾಗಿಯೇ ಚಿಕ್ಕದಾಗುತ್ತಿತ್ತು. ನನ್ನ ಹೆಸರು ಗುಂಡಗೆ, ತಂದೆಯ ಹೆಸರು ಇನ್ನೂ ಗುಂಡಗೆ, ಶಾಲೆಯ ಹತ್ತಿರ ಬರುತ್ತಲೇ ಇರುವೆ ಸಾಲು. ಮುಂದೆ ನಾನೇ ಕೆಮಿಸ್ಟ್ರಿ ಲೆಕ್ಚರರಾಗಿ ಅಡ್ಮಿಷನ್ ಮೇಜಿನ ಆಚೆ ಬದಿಗೆ ಕುಳಿತಾಗ ಇದು ನನ್ನೊಬ್ಬಳ ಕಾಯಿಲೆಯಲ್ಲ ಎಂದು ಗೊತ್ತಾಯಿತು. ಕಾನ್ವೆಂಟಿನ ಹುಡುಗಿಯರು ಆ ಕಾಲಂನಲ್ಲಿ ಕಾಲು ಚಾಚಿ ಕೂತ ಹಾಗೆ ಬರೆಯುತ್ತಾರೆ. ಸರ್ಕಾರಿ ಶಾಲೆಯವರು ಇಬ್ಬರ ಸೀಟಿನಲ್ಲಿ ಮೂರನೆಯವರಾಗಿ ಒತ್ತಿಕೊಂಡ ಹಾಗೆ ಬರೆಯುತ್ತಾರೆ. ಹೆಸರು ಓದುವ ಮೊದಲೇ ನನಗೆ ಶಾಲೆ ತಿಳಿದುಬಿಡುತ್ತಿತ್ತು.

ಯಾವ ಶಾಲೆ ಎಂದು ಕೇಳುವುದೇ ತಪ್ಪು ಅಂತ ನಾನೇನೂ ಹೇಳುವುದಿಲ್ಲ. ಪೈಲ್ವಾನ ಸಿಕ್ಕರೆ ಯಾವ ಗರಡಿ ಎನ್ನುತ್ತೇವೆ, ಹಾಡುವವರು ಸಿಕ್ಕರೆ ಯಾರ ಹತ್ತಿರ ಪಾಠ ಎನ್ನುತ್ತೇವೆ, ಮದುವೆಮನೆಯ ಸಾರು ಚೆನ್ನಾಗಿದ್ದರೆ ಅಡುಗೆಯವರು ಯಾವ ಕಡೆಯವರು ಎಂದು ವಿಚಾರಿಸದೆ ಎಲೆ ಬಿಟ್ಟು ಏಳುವುದಿಲ್ಲ. ಆದರೆ ಗರಡಿ ಕೇಳಿದವನು ಆಮೇಲೆ ‘ಎಲ್ಲಿ, ಒಂದು ಪಟ್ಟು ಹಾಕು ನೋಡೋಣ’ ಅಂತಲೂ ಅನ್ನುತ್ತಾನೆ. ಅಡ್ಮಿಷನ್ ಮೇಜಿನಲ್ಲಿ ಎಷ್ಟೋ ಸಲ ಗರಡಿಯ ಹೆಸರು ಕೇಳಿದಲ್ಲಿಗೇ ಕುಸ್ತಿ ಮುಗಿದುಹೋಗಿರುತ್ತದೆ.

ನನ್ನ ಗರಡಿಯ ವಿಷಯಕ್ಕೆ ಬರುತ್ತೇನೆ. ಅರವತ್ತರ ದಶಕದ ಮೊದಲ ವರ್ಷಗಳು. ನಮ್ಮ ಊರು ಜಯನಗರದ ಪಕ್ಕದ ಸಾರಕ್ಕಿ. ಅಪ್ಪ ಸೊಪ್ಪು ಬೆಳೆಯುತ್ತಿದ್ದರು. ಜಯನಗರ ಆಗ ಅಂಚಿನ ಕಡೆಗೆಲ್ಲ ಇನ್ನೂ ಸೈಟುಗಳ ಊರು. ನಂಬರು ಕೆತ್ತಿದ ಕಲ್ಲುಗಳಿದ್ದವು, ಮನೆಗಳಿರಲಿಲ್ಲ. ಆ ಕಲ್ಲುಗಳ ನಡುವೆ ನಾಲ್ಕು ಕೋಣೆಯ ಒಂದು ಸರ್ಕಾರಿ ಹೈಸ್ಕೂಲು. ತಗಡಿನ ಸೂರಾದ್ದರಿಂದ ಎಲ್ಲರ ಬಾಯಲ್ಲೂ ಅದು ‘ಶೀಟ್ ಸ್ಕೂಲು’. ಮಳೆ ಬಂದರೆ ಮೇಷ್ಟ್ರ ಬಾಯಿ ಆಡುವುದು ಕಾಣುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಲ್ಯಾಬು ಇರಲಿಲ್ಲ. ಲ್ಯಾಬಿನ ಬದಲು ಗುರುಶಾಂತಪ್ಪ ಮೇಷ್ಟ್ರಿದ್ದರು.

ಚಿತ್ರದುರ್ಗದ ಕಡೆಯವರು. ಹಣೆಯಲ್ಲಿ ವಿಭೂತಿ, ಕೋಟಿನ ಜೇಬಿನಲ್ಲಿ ಸೀಮೆಸುಣ್ಣ. ಸಂಜೆಯ ಹೊತ್ತಿಗೆ ಎರಡೂ ಬೆರೆತು ಯಾವುದು ಯಾವುದೆಂದು ಹೇಳುವುದು ಕಷ್ಟವಾಗುತ್ತಿತ್ತು. ಸ್ಕೂಲಿನ ಹಿಂದಿನ ಪರಂಗಿ ಗಿಡದ ಎಲೆ ಕಿತ್ತು, ಅದರ ಟೊಳ್ಳು ದಂಟನ್ನೇ ಕೊಳವೆ ಮಾಡುತ್ತಿದ್ದರು. ತಟ್ಟೆಯಲ್ಲಿ ನೀರು ಹಾಕಿ, ನಡುವೆ ಹಣತೆ ಹಚ್ಚಿ, ಮೇಲೆ ಲೋಟ ಬೋರಲು ಹಾಕಿ, ದೀಪ ಆರಿ ನೀರು ಒಳಕ್ಕೆ ಏರುವುದನ್ನು ತೋರಿಸುತ್ತಿದ್ದರು. ಉಳಿದದ್ದೆಲ್ಲ ಬೋರ್ಡಿನ ಮೇಲೆ. ಒಂದು ಗೆರೆ ಎಳೆಯುವುದು, ಸೀಮೆಸುಣ್ಣ ನಿಲ್ಲಿಸುವುದು, ನಮ್ಮ ಕಡೆ ತಿರುಗುವುದು: “ಹಿಂಗ್ಯಾಕೆ?” ಉತ್ತರ ಬರುವ ತನಕ ಎರಡನೆಯ ಗೆರೆ ಇಲ್ಲ. ಒಂದು ಚಿತ್ರ ಮುಗಿಯಲು ಎರಡು ಪೀರಿಯಡ್ ಬೇಕಾಗುತ್ತಿತ್ತು.

ಆ ಬೋರ್ಡಿನ ಬಲಗಡೆಯ ಕೆಳಮೂಲೆ, ಒಂದು ಗೇಣಿನಷ್ಟು, ನಾವು ಸೇರುವ ಮೊದಲೇ ಮುರಿದುಹೋಗಿತ್ತು. ಆಮ್ಲಜನಕ ತಯಾರಿಸುವ ಚಿತ್ರದಲ್ಲಿ ನೀರಿನ ತೊಟ್ಟಿ ಬರುವುದು ಸರಿಯಾಗಿ ಅಲ್ಲಿಗೇ. ಮೇಷ್ಟ್ರು ತೊಟ್ಟಿಯ ತಳದ ಗೆರೆಯನ್ನು ಎಳೆದುಕೊಂಡು ಬಂದು, ಮುರಿದ ಜಾಗ ಬರುತ್ತಲೇ ಓರೆಯಾಗಿ ಮೇಲಕ್ಕೆ ಹತ್ತಿಸಿಬಿಡುತ್ತಿದ್ದರು. ನಾವೂ ಹಾಗೇ ಬರೆದುಕೊಂಡೆವು. ಮೊದಲ ವರ್ಷ ಅದು ಬೋರ್ಡಿನ ದೋಷ ಎಂದು ಗೊತ್ತಿತ್ತೋ ಏನೋ. ಎಸ್ಸೆಸ್ಸೆಲ್ಸಿಗೆ ಬರುವ ಹೊತ್ತಿಗೆ ಅದು ವಿಜ್ಞಾನವಾಗಿತ್ತು. ಪುಸ್ತಕ ನೋಡಬಹುದಿತ್ತಲ್ಲ ಎನ್ನುತ್ತೀರಿ. ನನ್ನ ಪುಸ್ತಕ ಐದು ಕೈ ದಾಟಿ ಬಂದದ್ದು, ಆ ಪುಟವೇ ಇರಲಿಲ್ಲ. ಎಲ್ಲ ಗೆರೆಗೂ ‘ಹಿಂಗ್ಯಾಕೆ’ ಕೇಳಿಸಿಕೊಂಡ ನಾವು ಆ ಒಂದು ಮೂಲೆಯನ್ನು ಮಾತ್ರ ಕೇಳದೆ ಬಿಟ್ಟೆವು.

ಎಸ್ಸೆಸ್ಸೆಲ್ಸಿ ಪಾಸಾಯಿತು. ನನಗೆ ಪಿಯುಸಿಯಲ್ಲಿ ಸೈನ್ಸ್ ಬೇಕಿತ್ತು. ನಿಜ ಹೇಳಬೇಕೆಂದರೆ, ಮೂರು ವರ್ಷ ಚಿತ್ರ ಬರೆದ ಆ ಗಾಜಿನ ಸಾಮಾನುಗಳನ್ನು ಒಮ್ಮೆ ಕಣ್ಣಾರೆ ನೋಡಬೇಕಿತ್ತು. ಅಪ್ಪ ಒಪ್ಪಿದ್ದೂ ಸೈನ್ಸಿಗೆ ಮಾತ್ರ. “ಆರ್ಟ್ಸ್ ಕೊಟ್ರೆ ಬೇಡ ಕಣವ್ವ, ಕತೆ ಓದಕ್ಕೆ ಬಸ್ ಹತ್ತಿ ಹೋಗ್ಬೇಕಾ? ಮನೇಲೇ ಓದ್ಕೊ” ಎಂದಿದ್ದರು. ಅಂದರೆ ಸೈನ್ಸ್ ಸಿಗದಿದ್ದರೆ ನನ್ನ ಓದು ಸೊಪ್ಪಿನ ಮಡಿಯಲ್ಲೇ ಮುಗಿಯುವುದಿತ್ತು.

ಹುಡುಗಿಯರ ಕಾಲೇಜಿಗೆ ಅಪ್ಪನೂ ಬಂದರು, ಒಂದು ಕಂತೆ ದಂಟಿನ ಸೊಪ್ಪಿನ ಸಮೇತ. ಪ್ರಿನ್ಸಿಪಾಲರಿಗೆ ಎಂದು. ಗೇಟಿನ ಹತ್ತಿರ ಬಂದ ಮೇಲೆ ಏನನ್ನಿಸಿತೋ, “ಮೊದ್ಲೇ ಕೊಟ್ರೆ ಲಂಚ ಆಯ್ತದೆ” ಎಂದು ಕಂತೆ ಹಿಡಿದುಕೊಂಡೇ ಮರದ ಕೆಳಗೆ ನಿಂತರು. ಒಳಗೆ ಗುಮಾಸ್ತರು ಅರ್ಜಿಗಳನ್ನು ಎರಡು ರಾಶಿ ಮಾಡಿದ್ದರು. ಹೆಸರಾದ ಶಾಲೆಗಳದ್ದು ಒಂದು, ಉಳಿದವರದ್ದು ಇನ್ನೊಂದು. ನಮ್ಮ ಶೀಟ್ ಸ್ಕೂಲು ಎರಡನೆಯ ರಾಶಿಯ ತಳದಲ್ಲಿತ್ತು. ನನ್ನನ್ನು ಕರೆಯುವಾಗ ಮಧ್ಯಾಹ್ನ ಮೂರು ಗಂಟೆ, ಸೈನ್ಸಿನಲ್ಲಿ ಉಳಿದದ್ದು ಎರಡು ಸೀಟು.

ಪ್ರಿನ್ಸಿಪಾಲರು ದಪ್ಪ ಕನ್ನಡಕದ, ಬಿಳಿ ಸೀರೆಯ ಹೆಂಗಸು. ಪಕ್ಕದಲ್ಲಿ ಒಬ್ಬ ಲೆಕ್ಚರರು. ನನ್ನ ಅರ್ಜಿಯ ಇರುವೆ ಸಾಲನ್ನು ಕಷ್ಟಪಟ್ಟು ಓದಿ ಅವರೆಂದರು: “ಮೇಡಂ, ಇದು ಲ್ಯಾಬೇ ಇಲ್ಲದ ಸ್ಕೂಲು. ಪ್ರಾಕ್ಟಿಕಲ್ಸಲ್ಲಿ ಗ್ಲಾಸೆಲ್ಲ ಒಡೆದು ಹಾಕ್ತಾರೆ. ಆರ್ಟ್ಸ್ ಕೊಟ್ಬಿಡೋಣ.”

ಪ್ರಿನ್ಸಿಪಾಲರು ಒಂದು ಹಾಳೆ ನನ್ನ ಕಡೆ ತಳ್ಳಿದರು. “ಆಮ್ಲಜನಕ ತಯಾರ್ಸೋ ಚಿತ್ರ ಬರಿಯಮ್ಮ.”

ಬರೆದೆ. ತಳದ ಗೆರೆ ಎಳೆದು, ಮೂಲೆ ಬರುತ್ತಲೇ ಓರೆಯಾಗಿ, ಶ್ರದ್ಧೆಯಿಂದ, ಮೇಲಕ್ಕೆ ಹತ್ತಿಸಿದೆ.

“ಈ ತೊಟ್ಟಿ ಮೂಲೆ ಏನಾಯ್ತು?”

“ಅದು ಇರೋದೇ ಹಾಗೆ ಮೇಡಂ.”

ಲೆಕ್ಚರರು ನಕ್ಕರು. ಪ್ರಿನ್ಸಿಪಾಲರು ನಗಲಿಲ್ಲ. ಚಿತ್ರದ ಮೇಲೆ ಬೆರಳಿಟ್ಟು, “ಈ ಗಾಜಿನ ನಳಿಗೆ ಬಾಯಿಕಡೆ ಇಳಿಜಾರು ಮಾಡಿದೀಯಲ್ಲ, ಯಾಕೆ?” ಎಂದರು.

ಎಷ್ಟು ಪರಿಚಿತ ಪ್ರಶ್ನೆ! ನನಗೆ ಜೀವ ಬಂದಂತಾಯಿತು. “ಒಳಗಿನ ತೇವ ನೀರಾಗಿ ಬಿಸಿ ಕಡೆಗೆ ಹರೀಬಾರ್ದು ಮೇಡಂ.”

“ಮೊದಲು ಬರೋ ಗುಳ್ಳೆಗಳನ್ನ ಏನ್ಮಾಡ್ತೀಯ?”

“ಬಿಟ್ಬಿಡ್ತೀನಿ. ಅದು ಒಳಗಿದ್ದ ಬರೀ ಗಾಳಿ.”

“ಕೆಲಸ ಮುಗೀತು. ಮೊದಲು ದೀಪ ತೆಗೀತೀಯೋ, ನೀರಿಂದ ಕೊಳವೆ ತೆಗೀತೀಯೋ?”

“ಕೊಳವೆ ಮೇಡಂ. ದೀಪ ಮೊದಲು ತೆಗೆದ್ರೆ ನೀರು ಹಿಂದಕ್ಕೆ ನುಗ್ಗಿ ಬಿಸಿ ಗಾಜು ಒಡೆದ್ಹೋಗುತ್ತೆ. ನಮ್ಮ ಸ್ಕೂಲಲ್ಲಿ ಗಾಜಿಲ್ಲ ಮೇಡಂ, ಆದ್ರೂ ಒಡೀಬಾರ್ದು ಅಂತ ಮೇಷ್ಟ್ರು ಹೇಳ್ಕೊಟ್ಟಿದಾರೆ.”

ಪ್ರಿನ್ಸಿಪಾಲರು ಲೆಕ್ಚರರ ಕಡೆ ತಿರುಗಿ, “ಒಡೆಯೋದಿಲ್ಲ ಅಂತಾಳಲ್ರೀ” ಎಂದು ಅರ್ಜಿಯ ಮೇಲೆ ಸೈನ್ಸ್ ಎಂದು ಬರೆದರು. ಆಮೇಲೆ ಅವರೇ ಎದ್ದು ನನ್ನನ್ನು ಲ್ಯಾಬಿಗೆ ಕರೆದುಕೊಂಡು ಹೋಗಿ, ಕಪಾಟು ತೆಗೆದು ತೊಟ್ಟಿ ಇಳಿಸಿ ಕೈಗೆ ಕೊಟ್ಟರು. ಗಾಜಿನದು, ದುಂಡಗಿತ್ತು. ಸುತ್ತ ಕೈಯಾಡಿಸಿ ನೋಡಿದೆ. ಒಂದು ಮೂಲೆಯೂ ಇರಲಿಲ್ಲ.

“ನೋಡಿದ್ಯಾ?” ಎಂದರು. “ಹೆಸರಾದ ಸ್ಕೂಲಿನವರು ಬರೆದ ಮೂಲೆಗಳೂ ಇದಕ್ಕಿಲ್ಲ.”

ಹೊರಗೆ ಅಪ್ಪ ಇನ್ನೂ ನಿಂತೇ ಇದ್ದರು. ಕಾಲೇಜಿನ ಆವರಣದಲ್ಲಿ ಕೂರಬಾರದೇನೋ ಎಂದುಕೊಂಡಿದ್ದರಂತೆ. ಸೊಪ್ಪು ಬಾಡಿ ಜೋತುಬಿದ್ದಿತ್ತು. ವಿಷಯ ಕೇಳಿ ಹೆಗಲ ಮೇಲಿನ ಟವಲಿನಿಂದ ಮುಖ ಒರೆಸಿಕೊಂಡರು, ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು. “ಈ ಬಾಡಿದ್ದು ಅವ್ರಿಗೆ ಬೇಡ. ನಾಳೆ ಹೊಸಾದು ಕೀಳ್ತೀನಿ, ಮೇಷ್ಟ್ರಿಗೆ ಕೊಡು” ಎಂದರು. ಸೀಟು ಕೊಡಿಸಿದವರು ಯಾರೆಂದು ಅಪ್ಪನಿಗೆ ನನಗಿಂತ ಮೊದಲೇ ಅರ್ಥವಾಗಿತ್ತು.

ಮಾರನೆಯ ದಿನ ಸೊಪ್ಪು ಕೊಟ್ಟು, ನಗುತ್ತಾ ತೊಟ್ಟಿಯ ಕತೆ ಹೇಳಿದೆ. ಮೇಷ್ಟ್ರು ನಗಲಿಲ್ಲ. ಬೋರ್ಡಿನ ಹತ್ತಿರ ಹೋಗಿ ಮುರಿದ ಅಂಚನ್ನು ಸವರಿದರು. “ಎಲ್ಲಾ ಗೆರೆಗೂ ಯಾಕೆ ಅಂತ ಕೇಳ್ದೆ. ತೊಟ್ಟಿ ದುಂಡಗಿರ್ತತಿ ಅಂತ ಹೇಳೋದೇ ಮರೆತ್ನಲ್ಲವ್ವ. ಸೀಟು ತಪ್ಪಿದ್ರೆ ಏನ್ ಗತಿ?” ಅವರ ಕಣ್ಣು ತುಂಬಿತ್ತು. ತಪ್ಪಲಿಲ್ಲವಲ್ಲ ಸಾರ್ ಎಂದೆ. ಅಂದು ಹೇಳಲಾಗದ ಕೃತಜ್ಞತೆಯನ್ನು ಇಂದು ಹೇಳುತ್ತಿದ್ದೇನೆ: ನನಗೆ ಒಂದು ಮೂಲೆ ಕಡಿಮೆ ಬಿದ್ದಿರಬಹುದು, ಅವರು ಕೊಟ್ಟ ‘ಯಾಕೆ’ ಜೀವನವಿಡೀ ಸಾಕಾಯಿತು.

ಮರುವರ್ಷ ಶಾಲೆಗೆ ಹೊಸ ಬೋರ್ಡು ಬಂತು. ನೋಡಲು ಹೋಗಿದ್ದೆ. ಮೇಷ್ಟ್ರು ಆಮ್ಲಜನಕದ ಪಾಠವನ್ನೇ ಮಾಡುತ್ತಿದ್ದರು. ನಾಲ್ಕೂ ಮೂಲೆ ನೆಟ್ಟಗಿದ್ದ ಆ ಬೋರ್ಡಿನ ಮೇಲೆ ತೊಟ್ಟಿಯ ತಳದ ಗೆರೆ ಬಲಕ್ಕೆ ಬಂತು, ಬಂತು, ಮತ್ತೆ ಓರೆಯಾಗಿ ಮೇಲಕ್ಕೆ ಹತ್ತಿಬಿಟ್ಟಿತು. ಕೈ ಕೇಳಲಿಲ್ಲ. ಬಾಗಿಲಲ್ಲಿ ನಿಂತ ನನ್ನನ್ನು ನೋಡಿ ನಾಲಿಗೆ ಕಚ್ಚಿಕೊಂಡರು.

ನನ್ನ ಕೈಯೂ ಕೇಳಿಲ್ಲ. ಮೂವತ್ತು ವರ್ಷ ಒಳ್ಳೊಳ್ಳೆಯ ಬೋರ್ಡುಗಳ ಮೇಲೆ ಪಾಠ ಮಾಡಿದ್ದೇನೆ, ಒಂದು ತೊಟ್ಟಿಯೂ ನೆಟ್ಟಗೆ ಬರಲಿಲ್ಲ. ಪ್ರತಿ ವರ್ಷ ಹಿಂದಿನ ಬೆಂಚಿನಿಂದ ಒಬ್ಬಳಾದರೂ ಕೇಳುತ್ತಿದ್ದಳು, “ಮೇಡಂ, ಆ ಮೂಲೆ ಯಾಕೆ ಹಾಗೆ?” ನಾವ್ಯಾರೂ ಕೇಳದೆ ಬಿಟ್ಟ ಪ್ರಶ್ನೆಯನ್ನು ಯಾರೋ ಕೇಳಿದರಲ್ಲ ಎಂದು ನನಗೆ ಬಹಳ ಸಂತೋಷವಾಗುತ್ತಿತ್ತು. “ಅದು ನಾನು ಓದಿದ ಶಾಲೆ ಕಣಮ್ಮ” ಎನ್ನುತ್ತಿದ್ದೆ. ಅಷ್ಟು ದೊಡ್ಡದಾಗಿ ನಾನು ಅದನ್ನು ಯಾವ ಅರ್ಜಿಯಲ್ಲೂ ಬರೆದಿರಲಿಲ್ಲ.