ಮಗ್ಗುಲು ನೋಡುವವನು

ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ರಸ್ತೆಯಲ್ಲಿ ಮಾಳೇಶ ಇಪ್ಪತ್ತೆರಡು ವರ್ಷಗಳಲ್ಲಿ ಒಂದು ಕೋಳಿಮರಿಯ ಮೇಲೂ ಗಾಡಿ ಹತ್ತಿಸಿದವನಲ್ಲ. ಇದನ್ನು ಅವನು ಹೇಳಿಕೊಂಡು ತಿರುಗುತ್ತಿರಲಿಲ್ಲ. ಬಸ್ ಸ್ಟ್ಯಾಂಡಿನ ಪಕ್ಕ ಬಾಡಿಗೆ ಕಾರು ನಿಲ್ಲಿಸಿಕೊಂಡು ಕೂರುವ ಡ್ರೈವರುಗಳೇ ಹೇಳುತ್ತಿದ್ದರು. ಒಬ್ಬ ಡ್ರೈವರ್ ಇನ್ನೊಬ್ಬನನ್ನು ಹೊಗಳುತ್ತಾನೆ ಅಂದರೆ ಅದರಲ್ಲಿ ಏನೋ ಇದ್ದೇ ಇರುತ್ತದೆ.

ಇದ್ದದ್ದು ಕುರಿ. ಮಾಳೇಶನದು ಕುರಿ ಕಾಯುವ ಮನೆತನ. ಹತ್ತನೇ ವಯಸ್ಸಿಗೇ ಅಪ್ಪ ಕೈಗೊಂದು ಕೋಲು ಕೊಟ್ಟು ಮಂದೆಯ ಹಿಂದೆ ಬಿಟ್ಟಿದ್ದ. ಹುಡುಗ ದಾರಿಯನ್ನೇ ನೋಡಿಕೊಂಡು ನಡೆದರೆ ಅಪ್ಪನಿಗೆ ಸಿಟ್ಟು. "ಎದುರಿಗಿರೋದು ಎಲ್ಲೂ ಓಡಿ ಹೋಗಲ್ಲ, ಮಗ್ಗುಲು ನೋಡಲೇ," ಎಂದು ಗದರುತ್ತಿದ್ದ. ತೋಳ ಬರುವುದು ಮಗ್ಗುಲಿನಿಂದ, ಕುರಿ ತಪ್ಪಿಸಿಕೊಳ್ಳುವುದು ಮಗ್ಗುಲಿಗೆ, ಹೊಲದವನು ಬೈಯುತ್ತ ಬರುವುದೂ ಮಗ್ಗುಲಿನಿಂದಲೇ. ಹೀಗಾಗಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಕತ್ತು ಹೊರಳಿಸುವುದು ಅವನಿಗೆ ಉಸಿರಾಡಿದಷ್ಟು ಸಲೀಸಾಯಿತು. ಮುಂದೆ ಕುರಿಯಲ್ಲಿ ತನ್ನ ಪಾಲನ್ನು ಅಣ್ಣ ಪುಟ್ಟಪ್ಪನಿಗೆ ಬಿಟ್ಟುಕೊಟ್ಟು ಸ್ಟೀರಿಂಗ್ ಹಿಡಿದಾಗಲೂ ಆ ಕತ್ತು ಸುಮ್ಮನಾಗಲಿಲ್ಲ. ಮೆಕ್ಕೆಜೋಳದ ಸಾಲುಗಳ ನಡುವೆ ಎಮ್ಮೆಯ ಬಾಲ ಅಲ್ಲಾಡಿದರೆ ಸಾಕು, ಎಮ್ಮೆ ರಸ್ತೆಗೆ ಬರುವ ಮೊದಲೇ ಇವನ ಗಾಡಿ ನಿಧಾನವಾಗಿರುತ್ತಿತ್ತು. ಕಿಟಕಿಯ ಗಾಜನ್ನು ಯಾವಾಗಲೂ ನಾಲ್ಕು ಬೆರಳು ಇಳಿಸಿರುತ್ತಿದ್ದ. ಕಾಣದೇ ಹೋದದ್ದು ಕೇಳಿಸಲಿ ಎಂದು.

ಅವನು ದುಡಿಯುತ್ತಿದ್ದದ್ದು ಶಿಕಾರಿಪುರದಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟಿದ್ದ ಉದಯನ ಮನೆಯಲ್ಲಿ. ಉದಯ ಎಂಟು ವರ್ಷದವನಿದ್ದಾಗ, ಅವನ ಅಪ್ಪನ ಕಾಲದಲ್ಲಿ ಸೇರಿದವನು. ಈಗ ಉದಯನೇ ಯಜಮಾನ. ಅವನ ಹೆಂಡತಿ ಮೈತ್ರಿ ಸೊರಬದ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಬೆಳಿಗ್ಗೆ ಅವಳನ್ನು ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಕರೆದೊಯ್ಯುವುದು, ಸಂಜೆ ವಾಪಸು ಕರೆತರುವುದು, ಇದೇ ಮಾಳೇಶನ ಕೆಲಸ. ಅವನ ಮಗಳು ಮಾನಸ ಶಿವಮೊಗ್ಗದಲ್ಲಿ ನರ್ಸಿಂಗ್ ಓದುತ್ತಿದ್ದಳು, ಮುಗಿಯಲು ಇನ್ನೆರಡು ವರ್ಷವಿತ್ತು. ಮಾಳೇಶನಿಗೆ ಐವತ್ತೊಂದು ತುಂಬಿತ್ತು, ಮೊಣಕಾಲು ಕೈಕೊಟ್ಟಿತ್ತು. ಈ ಕೆಲಸ ಹೋದರೆ ಇನ್ನೊಂದು ಕೆಲಸ ಸಿಗುವ ವಯಸ್ಸಲ್ಲ, ಮತ್ತೆ ಕುರಿ ಹಿಂದೆ ನಡೆಯುವ ಕಾಲೂ ಅಲ್ಲ.

ಕಳೆದ ವರ್ಷ ಉದಯನ ಗೆಳೆಯನೊಬ್ಬನ ಡ್ರೈವರ್ ಹಗಲು ಹೊತ್ತಿನಲ್ಲೇ ತೂಕಡಿಸಿ ಕಾರನ್ನು ಮರಕ್ಕೆ ಗುದ್ದಿದ. ಗೆಳೆಯ ಉಳಿಯಲಿಲ್ಲ. ಒಂದು ತಿಂಗಳು ಉದಯನಿಗೆ ಸರಿಯಾಗಿ ನಿದ್ದೆ ಬರಲಿಲ್ಲ. ದಿನಾ ಹೆಂಡತಿಯನ್ನು ಅದೇ ಥರದ ರಸ್ತೆಗೆ ಕಳಿಸುತ್ತಿದ್ದಾನಲ್ಲ. ಆಮೇಲೆ ಹೋಗಿ ಹೊಸ ಕಾರು ತಂದ. ಅದು ತಾನೇ ಗೆರೆ ಹಿಡಿದು ಓಡುತ್ತಿತ್ತು, ಮುಂದಿನ ಗಾಡಿಗೆ ತಾನೇ ದೂರ ಬಿಡುತ್ತಿತ್ತು, ಬೇಕಾದರೆ ತಾನೇ ಬ್ರೇಕ್ ಹಾಕುತ್ತಿತ್ತು. ಎಲ್ಲ ಕೆಲಸವನ್ನೂ ಅರ್ಧರ್ಧ ಮಾಡುತ್ತಿತ್ತು. ಉಳಿದರ್ಧವನ್ನು ಡ್ರೈವರ್ ಮಾಡುತ್ತಿದ್ದಾನೋ ಇಲ್ಲವೋ ಎಂದು ಕಾಯುವುದನ್ನು ಮಾತ್ರ ಪೂರ್ತಿ ಮಾಡುತ್ತಿತ್ತು. ಅದಕ್ಕೆಂದೇ ಸ್ಟೀರಿಂಗಿನ ಹಿಂದೆ, ಡ್ರೈವರಿನ ಮುಖಕ್ಕೆ ಎದುರಾಗಿ, ಗುಲಗಂಜಿಯಷ್ಟು ದೊಡ್ಡ ಕ್ಯಾಮೆರಾ ಇತ್ತು.

ಮೊದಲ ವಾರ ತಮಾಷೆಯಲ್ಲೇ ಕಳೆಯಿತು. ಶಿರಾಳಕೊಪ್ಪ ಹತ್ತಿರ ಬರುತ್ತಿದ್ದಂತೆ ಪರದೆಯ ಮೇಲೆ ಹಬೆಯಾಡುವ ಟೀ ಕಪ್ಪಿನ ಚಿತ್ರ ಮೂಡಿತು. ಕಾರಿನವರು ಡ್ರೈವರಿಗೆ ಟೀ ಹೊತ್ತನ್ನೂ ಗುರುತು ಮಾಡಿಟ್ಟಿದ್ದಾರಲ್ಲ ಎಂದು ಮಾಳೇಶನಿಗೆ ಸಂತೋಷವಾಯಿತು. ಗಾಡಿ ನಿಲ್ಲಿಸಿ ಒಂದು ಟೀ ಕುಡಿದ. ಸೊರಬ ಮುಟ್ಟುವ ಮೊದಲು ಕಪ್ಪು ಮತ್ತೆ ಬಂತು. "ಇನ್ನೊಂದು ಕುಡುದ್ರೆ ಪಿತ್ತ ಆಗ್ತದ್ರಿ ಮೇಡಂ," ಎಂದ. ಹಿಂದೆ ಕೂತಿದ್ದ ಮೈತ್ರಿ ನಕ್ಕುಬಿಟ್ಟಳು. "ಅದು ಟೀ ಕುಡಿ ಅಂತಲ್ಲ ಮಾಳೇಶಣ್ಣ, ನಿಮಗೆ ನಿದ್ದೆ ಬರ್ತಾ ಇದೆ ಅಂತ ಅದರ ಲೆಕ್ಕ," ಎಂದು ತಿಳಿಸಿದಳು.

ನಿದ್ದೆಯೇ? ಮಾಳೇಶನಿಗೆ ಅವಮಾನವಾಯಿತು. ಆಮೇಲೆ ಗೊತ್ತಾಯಿತು, ಕಾರಿನ ತಕರಾರು ಅವನ ಕತ್ತಿನ ಮೇಲೆ. ಎಡಗಡೆಯ ಹೊಲ ನೋಡಿದರೆ ಟಿಂಗ್. ಬಲಗಡೆಯ ಕೆರೆ ಏರಿ ನೋಡಿದರೆ ಟಿಂಗ್ ಟಿಂಗ್. ಮತ್ತೂ ನೋಡಿದರೆ ಒಬ್ಬ ಹೆಂಗಸು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದಳು. ಅದರಲ್ಲಿ ಅವನಿಗೆ ತಿಳಿದದ್ದು 'ಪ್ಲೀಸ್' ಒಂದೇ. ಇಷ್ಟು ಮರ್ಯಾದೆಯಿಂದ ಏನು ಕೇಳುತ್ತಿದ್ದಾಳೆ ಎಂದು ವಿಚಾರಿಸಿದ. ರಸ್ತೆ ಮೇಲೆ ಗಮನ ಇಡಿ ಅಂತ ಹೇಳುತ್ತಿದ್ದಾಳೆ ಎಂದಳು ಮೈತ್ರಿ.

"ಗಮನ ಇಟ್ಟಿದ್ದಕ್ಕೇ ಅಲ್ಲೇನ್ರಿ ಮಗ್ಗುಲು ನೋಡೋದು?" ಎಂದ ಮಾಳೇಶ. ಕಾರಿಗೆ ಕನ್ನಡ ಬರುತ್ತಿರಲಿಲ್ಲ.

ಭಾನುವಾರ ಉದಯ ಅಂಗಡಿಗೆ ಕರೆಸಿದ. ವಾರಕ್ಕೊಮ್ಮೆ ಕಾರು ಅವನ ಫೋನಿಗೆ ವರದಿ ಕಳಿಸುತ್ತಿತ್ತು, ನೂರಕ್ಕೆ ಇಷ್ಟು ಎಂದು. ಮಾಳೇಶನಿಗೆ ಐವತ್ತೆಂಟು ಬಿದ್ದಿತ್ತು. ಶಾಲೆಯಲ್ಲಾಗಿದ್ದರೆ ಪಾಸು.

"ಏನ್ ಮಾಳೇಶಣ್ಣ ಇದು? ಇನ್ನೂರ ಹದಿನಾಲ್ಕು ಸಲ ಎಚ್ಚರಿಕೆ ಕೊಟ್ಟದೆ."

"ಉದಯಣ್ಣ, ನಾನು ನೋಡೋ ರೀತಿನೇ ಹಂಗೆ. ನಿಮ್ಮಪ್ಪಾರ್ನ ಕೂರಿಸ್ಕೊಂಡು ಹಂಗೇ ನೋಡ್ಕೊಂತ ಓಡ್ಸೀನಿ."

"ನಂಗೊತ್ತಿಲ್ವಾ? ನಿನ್ ತೊಡೆ ಮೇಲೆ ಕೂತು ಸ್ಟೀರಿಂಗ್ ಹಿಡ್ದವ್ನು ನಾನು." ಉದಯ ಫೋನನ್ನು ಮೇಜಿನ ಮೇಲೆ ಕವುಚಿಟ್ಟ. "ಆದ್ರೆ ವಯಸ್ಸಾಗ್ತದೆ. ನಂಗೆ ಹೆದ್ರಿಕೆ ಆಗ್ತದೆ, ಮೈತ್ರಿ ದಿನಾ ಹೋಗ್ಬೇಕು. ದೀಪಾವಳಿ ಒಳಗೆ ತೊಂಬತ್ತು ದಾಟ್ಲಿ. ಇಲ್ಲಾಂದ್ರೆ ಬೇರೆಯವ್ರನ್ನ ನೋಡ್ಬೇಕಾಗ್ತದೆ, ಬೇಜಾರ್ ಮಾಡ್ಕೋಬೇಡ."

ಬೈದಿದ್ದರೆ ಮಾಳೇಶ ಎದುರು ಮಾತಾಡುತ್ತಿದ್ದ. ಹೆದರಿದವನಿಗೆ ಏನು ಹೇಳುವುದು? ತಲೆಯಾಡಿಸಿ ಬಂದ.

ಕ್ಯಾಮೆರಾದ ಕಣ್ಣಿನಿಂದ ತಪ್ಪಿಸಿಕೊಳ್ಳುವ ದಾರಿಯೂ ಇರಲಿಲ್ಲ. ಆಯುಧಪೂಜೆಯ ದಿನ ಉದಯನ ತಾಯಿ ರಮಾಬಾಯಿ ಕಾರಿನ ಸ್ಟೀರಿಂಗಿಗೆ, ಗೇರಿಗೆ ಕುಂಕುಮ ಹಚ್ಚಿ, ಇಷ್ಟೆಲ್ಲ ಕಾಯುವ ಕಣ್ಣಲ್ಲವೇ ಎಂದು ಕ್ಯಾಮೆರಾಕ್ಕೂ ಭಕ್ತಿಯಿಂದ ದಪ್ಪಗೆ ಬಳಿದರು. ಮಾರನೆಯ ದಿನ ಸೊರಬದವರೆಗೆ ಒಂದು ಟಿಂಗ್ ಇಲ್ಲ. ಮಾಳೇಶ ಮನಸಾರೆ ಎರಡೂ ಮಗ್ಗುಲು ನೋಡಿಕೊಂಡು ಓಡಿಸಿದ. ಸಂಜೆ ಬರುವಷ್ಟರಲ್ಲಿ ಉದಯನ ಫೋನಿಗೆ ದೂರು ಹೋಗಿತ್ತು: ಡ್ರೈವರ್ ಕ್ಯಾಮೆರಾ ಮುಚ್ಚಿದ್ದಾನೆ. ರಮಾಬಾಯಿ ತಾವೇ ಬಂದು ತಪ್ಪೊಪ್ಪಿಕೊಂಡು ಸೆರಗಿನಿಂದ ಒರೆಸಿಕೊಟ್ಟರು. ಮಾಳೇಶ ಆ ಒಂದು ದಿನವನ್ನು ಬಹಳ ಸಲ ನೆನೆಸಿಕೊಂಡ.

ಆಮೇಲೆ ಕಲಿಯುವುದಕ್ಕೆ ಕೂತ. ಮನೆಯಲ್ಲಿ ಗೋಡೆಯ ಕ್ಯಾಲೆಂಡರಿನ ಎದುರು ಕುರ್ಚಿ ಹಾಕಿಕೊಂಡು ಅರ್ಧರ್ಧ ಗಂಟೆ ಅದನ್ನೇ ದಿಟ್ಟಿಸುತ್ತಿದ್ದ. ಹೆಂಡತಿ ಈಶ್ವರಮ್ಮನಿಗೆ ಹೇಳಿಟ್ಟಿದ್ದ, ನಡುವೆ ನಡುವೆ ಮಗ್ಗುಲಿನಿಂದ ಕರೆ ಎಂದು. ಅವಳು ಕರೆಯುವಳು, ಪಾತ್ರೆ ಬೀಳಿಸುವಳು, ಬಾಗಿಲು ಬಡಿಯುವಳು. ಮೊದಮೊದಲು ಕತ್ತು ತಾನಾಗಿ ಹೊರಳುತ್ತಿತ್ತು. ಆಗೆಲ್ಲ ತನ್ನ ತೊಡೆಯನ್ನು ತಾನೇ ಚಿವುಟಿಕೊಳ್ಳುತ್ತಿದ್ದ. ಕ್ರಮೇಣ ನಿಂತಿತು. ವರದಿ ಎಪ್ಪತ್ತಕ್ಕೆ ಏರಿತು, ಎಂಬತ್ತೈದಾಯಿತು, ದೀಪಾವಳಿಗೆ ತೊಂಬತ್ತೊಂದು. ಉದಯ ಪಟಾಕಿಯ ಜೊತೆ ಒಂದು ಪ್ಯಾಂಟು ಪೀಸು ಕೊಟ್ಟ.

"ಕೆಲ್ಸ ಉಳೀತು, ಸರಿ," ಎಂದಳು ಈಶ್ವರಮ್ಮ ಒಂದು ದಿನ ಊಟಕ್ಕೆ ಬಡಿಸುತ್ತ. "ಈಗ ನಿಜವಾಗ್ಲೂ ಕರುದ್ರೂ ತಿರುಗಲ್ವಲ್ರೀ ನೀವು."

ಅವನು ಅನ್ನವನ್ನೇ ನೋಡುತ್ತ ಹೂಂ ಎಂದ.

ರಸ್ತೆ ಅವನಿಗೆ ಬೇಸರವಾಗತೊಡಗಿತು. ಮೊದಲು ಆ ದಾರಿಯಲ್ಲಿ ಯಾರ ಹೊಲಕ್ಕೆ ನೀರು ಬಂತು, ಯಾರ ಮನೆ ಮುಂದೆ ಚಪ್ಪರ ಎದ್ದಿತು, ಎಲ್ಲ ಅವನಿಗೆ ಗೊತ್ತಿರುತ್ತಿತ್ತು. ಈಗ ಕಾಣುತ್ತಿದ್ದದ್ದು ಟಾರು, ಬಿಳಿ ಗೆರೆ, ಮುಂದಿನ ಲಾರಿಯ ಹಿಂಬದಿ. ಎ.ಸಿ.ಗಾಗಿ ಗಾಜು ಪೂರ್ತಿ ಮೇಲೆ. ಟಾಂಗಾ ಕುದುರೆಗೆ ಕಣ್ಣಿನ ಪಕ್ಕ ಪಟ್ಟಿ ಕಟ್ಟಿದ ಹಾಗೆ ತನಗೂ ಕಟ್ಟಿದ್ದಾರೆ ಅನ್ನಿಸುತ್ತಿತ್ತು. ಬಿಡಿಸಿಕೊಳ್ಳೋಣ ಅಂದರೆ ಎದುರಿಗೆ ಮಾನಸಳ ಎರಡು ವರ್ಷ ನಿಂತಿತ್ತು.

ಜನವರಿಯ ಒಂದು ಗುರುವಾರ. ಮೆಕ್ಕೆಜೋಳ ಕೊಯ್ದು ಹೊಲಗಳು ಬಯಲಾಗಿದ್ದವು. ಆ ಹೊತ್ತಿಗೆ ಕುರಿಯವರು ಮಂದೆ ಹೊಡೆದುಕೊಂಡು ಬಂದು ಹೊಲಗಳಲ್ಲಿ ತಂಗುತ್ತಾರೆ. ಕುರಿಗೆ ಮೇವಾಯಿತು, ಹೊಲಕ್ಕೆ ಗೊಬ್ಬರವಾಯಿತು. ಪುಟ್ಟಪ್ಪನ ಮಂದೆಯೂ ಶಿರಾಳಕೊಪ್ಪ ದಾಟಿ ಸೊರಬದ ಕಡೆ ರಸ್ತೆ ಬದಿಯ ಹೊಲದಲ್ಲಿ ಬೀಡು ಬಿಟ್ಟಿತ್ತು. ಮಾಳೇಶನಿಗೆ ಅದು ಗೊತ್ತಿರಲಿಲ್ಲ. ಮೂರು ದಿನದಿಂದ ಆ ಹೊಲದ ಪಕ್ಕದಲ್ಲೇ ಹೋಗಿ ಬಂದಿದ್ದ, ಮೂರು ದಿನವೂ ಅಣ್ಣ ಕೈ ಎತ್ತಿದ್ದ, ಇವನು ಗೆರೆ ನೋಡಿಕೊಂಡು ಹೋಗಿದ್ದ.

ಬೆಳಿಗ್ಗೆ ಒಂಬತ್ತರ ಬಿಸಿಲು. ಎಡಗಡೆಯಿಂದ ಒಂದು ಕುರಿ ರಸ್ತೆಯ ಏರಿ ಹತ್ತಿ ನೇರ ಗಾಡಿಯ ಮುಂದಕ್ಕೆ ಜಿಗಿಯಿತು. ಕಾರು ಟಿಂಗ್ ಅನ್ನಲಿಲ್ಲ, ತಾನಾಗಿ ಬ್ರೇಕ್ ಹಾಕಲಿಲ್ಲ. ಮಾಳೇಶ ಹಾಕುವಷ್ಟರಲ್ಲಿ ಧಡ್ ಎಂದಿತ್ತು. ಮೈತ್ರಿಯ ಚೀಲ ಮುಂದಿನ ಸೀಟಿಗೆ ಬಂದು ಬಿತ್ತು.

ಇಳಿದು ನೋಡಿದರೆ ಕೊರಳಲ್ಲಿ ಗಂಟೆಯಿದ್ದ ಕುರಿ. ಮಂದೆಯ ಮುಂದೆ ನಡೆಯುವ ಕುರಿಗೆ ಮಾತ್ರ ಗಂಟೆ ಕಟ್ಟುತ್ತಾರೆ. ಆ ಹಿತ್ತಾಳೆ ಗಂಟೆಯ ಅಂಚು ಒಡೆದಿತ್ತು. ಚಿಕ್ಕಂದಿನಲ್ಲಿ ಅದನ್ನು ಕಲ್ಲಿನ ಮೇಲೆ ಬೀಳಿಸಿ ಒಡೆದವನು ಮಾಳೇಶನೇ. ಕುರಿ ಎರಡು ಸಲ ಕಾಲು ಝಾಡಿಸಿ ಸುಮ್ಮನಾಯಿತು. ಅವನು ಮಂಡಿ ಊರಿ ಕೂತುಬಿಟ್ಟ.

ಕಂಬಳಿ ಹೆಗಲಿನ ಪುಟ್ಟಪ್ಪ ಏರಿ ಹತ್ತಿ ಬಂದ.

"ಗಂಟೆ ಕೇಳ್ಲಿಲ್ವೇನೋ ಮಾಳ್ಯಾ?"

"ಗಾಜು ಹಾಕಿತ್ತಣ್ಣ."

"ಇಡೀ ಮಂದೆ ಇಲ್ಲೇ ಮೇಯ್ತಿತ್ತಲ್ಲೋ, ನೂರಿಪ್ಪತ್ತು ಕುರಿ. ಎಲ್ಲಿ ನೋಡ್ತಿದ್ದೆ ನೀನು?"

"ಮುಂದೆ," ಎಂದ ಮಾಳೇಶ.

ಪುಟ್ಟಪ್ಪ ಬಗ್ಗಿ ಗಂಟೆಯ ಹಗ್ಗ ಬಿಚ್ಚಿಕೊಂಡ. ಮೈತ್ರಿ ಏನೋ ಪರಿಹಾರದ ಮಾತೆತ್ತಿದಳು. "ನಮ್ಮನೇದೇ ಕುರಿ, ನಮ್ಮನೇವ್ನೇ ಹೊಡ್ದಾನೆ, ನಿಮಗ್ಯಾಕೆ ತಾಯಿ, ನೀವು ಪಾಠಕ್ಕೆ ನಡೀರಿ," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಮಾಳೇಶನಿಗೆ ಹಗುರಾಗುತ್ತಿತ್ತು.

ಸಂಜೆ ಅವನು ತಾನಾಗಿಯೇ ಅಂಗಡಿಗೆ ಹೋದ. ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ. ಆದರೆ ಉದಯನೇ ನಗುತ್ತ ಫೋನು ಮುಂದೆ ಹಿಡಿದ. "ಮೈತ್ರಿ ಎಲ್ಲಾ ಹೇಳಿದ್ಲು, ತಲೆ ಕೆಡಿಸ್ಕೋಬೇಡ. ನಾನು ಕೂಡ್ಲೇ ತೆಗ್ದು ನೋಡ್ದೆ. ನಿನ್ನ ತಪ್ಪು ಒಂಚೂರೂ ಇಲ್ಲ. ಇವತ್ತು ನಿಂಗೆ ನೂರಕ್ಕೆ ನೂರು ಬಂದದೆ."

ಫೋನಿನಲ್ಲಿ ಹಸಿರು ಬಣ್ಣದ ನೂರು ಹೊಳೆಯುತ್ತಿತ್ತು.

"ಮಗ್ಗುಲು ನೋಡಿದ್ರೆ ತಪ್ಪಿಸ್ತಿದ್ದೆ ಉದಯಣ್ಣ," ಎಂದ ಮಾಳೇಶ. "ನೂರಿಪ್ಪತ್ತು ಕುರಿ. ಫರ್ಲಾಂಗ್ ದೂರದಿಂದ ಕಾಣ್ತಿದ್ವು."

"ಅದು ನಿಂಗೆ ಹಂಗನ್ನಿಸ್ತದೆ. ಮನುಷ್ಯರೋ ಗಾಡಿಯೋ ಆಗಿದ್ರೆ ಕಾರೇ ನಿಲ್ತಿತ್ತು. ಕುರಿ ಅದಕ್ಕೆ ಗೊತ್ತಾಗಲ್ಲ."

"ನಂಗೆ ಗೊತ್ತಾಗ್ತಿತ್ತಲ್ರೀ."

ಉದಯನೇನು ಕೆಟ್ಟವನಲ್ಲ, ಆ ಮಾತು ಅವನಿಗೆ ತಾಗಿತು ಕೂಡ. ಆದರೆ ಮರಕ್ಕೆ ಗುದ್ದಿದ ಗೆಳೆಯನ ಕಾರು ಅವನ ಕಣ್ಣ ಮುಂದಿನಿಂದ ಇನ್ನೂ ಹೋಗಿರಲಿಲ್ಲ. "ಇದ್ದಂಗೇ ಇರ್ಲಿ ಮಾಳೇಶಣ್ಣ," ಎಂದ ಕೊನೆಗೆ. "ಈಗ ಚೆನ್ನಾಗಿ ಬರ್ತಾ ಇದೆ. ಮಾನಸಂದು ಓದು ಮುಗೀಲಿ."

ಮಗಳ ಹೆಸರು ಬಂದ ಮೇಲೆ ಮಾಳೇಶ ಜೋಡಿಸಿಕೊಂಡಿದ್ದ ಮಾತೆಲ್ಲ ಹಿಂದಕ್ಕೆ ಹೋಯಿತು. ಕೀ ಮೊಳೆಗೆ ಹಾಕಿ ಮನೆಗೆ ನಡೆದ.

ಮರುದಿನ ಬೆಳಿಗ್ಗೆ ಕಾರು ಅವನ ಮುಖ ಪರೀಕ್ಷಿಸಿ ಹಸಿರು ದೀಪ ಹಚ್ಚಿತು. ಶಿರಾಳಕೊಪ್ಪ ದಾಟಿತು. ಅಣ್ಣನ ಹೊಲ ಬರುವುದು ಇವತ್ತು ಅವನಿಗೆ ಗೊತ್ತಿತ್ತು. ಹಾಳಾಗಿ ಹೋಗಲಿ, ಒಂದು ಟಿಂಗ್ ತಾನೇ, ಹೊಡೆದುಕೊಳ್ಳಲಿ, ಎಂದು ರಾತ್ರಿಯೇ ನಿಶ್ಚಯ ಮಾಡಿದ್ದ. ಎಡಕ್ಕೆ ತಿರುಗಿ ಅಣ್ಣನಿಗೊಂದು ಕೈ ಮಾಡಬೇಕು, ಅಷ್ಟೇ. ಗಾಡಿ ನಿಧಾನ ಮಾಡಿದ. ಹೊಲ ಬಂತು. ಅವನು ತಿರುಗಬೇಕೆಂದುಕೊಂಡ. ತೊಡೆಯ ಮೇಲೆ ಚಿವುಟಿಕೊಂಡ ಜಾಗ ಚುರ್ ಎಂದಿತು. ಕತ್ತು ತಿರುಗಲಿಲ್ಲ.

"ನಿಮ್ಮಣ್ಣ ಕೈ ಎತ್ತಿದ್ರು, ಮಾಳೇಶಣ್ಣ," ಎಂದಳು ಹಿಂದಿನಿಂದ ಮೈತ್ರಿ.

"ಹೌದಾ ಮೇಡಂ," ಎಂದ ಅವನು ಬಿಳಿ ಗೆರೆಯನ್ನು ನೋಡುತ್ತ. ಸೊರಬ ಬರುವವರೆಗೂ ಕಾರು ಒಂದು ಸದ್ದು ಮಾಡಲಿಲ್ಲ.