ಸೊಸೆಯ ಕೂದಲಿನ ವಿಮಾನ

ನಿನ್ನೆ ಮಗಳು ಬಾಲ್ಕನಿಯಲ್ಲಿ ಕುಳಿತು ನೇಲ್ ಪಾಲಿಶ್ ಸೀಸೆಯ ಮುಚ್ಚಳ ತೆಗೆದಳು. ಆ ಘಾಟು ಮೂಗಿಗೆ ತಾಗಿದ್ದೇ ತಡ, ನನಗೆ ನೆನಪಾದವರು ನಮ್ಮ ಮಾವ. ನಗಬೇಡಿ. ರಾಜಧಾನಿಯ ದ್ವಾರಕಾ ಬಡಾವಣೆಯ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಎದುರಿನ ಅಂಗಡಿಯಲ್ಲಿ ಬೆಳ್ಳಿ ಬಣ್ಣದ ನೇಲ್ ಪಾಲಿಶ್‌ಗೆ ಒಂದು ಕಾಲಕ್ಕೆ ಅವರೇ ಖಾಯಂ ಗಿರಾಕಿ. "ಆಂಟಿಗಾ?" ಎಂದು ಅಂಗಡಿಯ ಭಯ್ಯಾ ತುಂಟನಗೆ ನಕ್ಕರೆ, "ನಹೀ ಭಯ್ಯಾ, ಹವಾಯಿ ಜಹಾಜ್ ಕೇ ಲಿಯೇ" ಎಂದು, ವಿಮಾನಕ್ಕೆ ಬಳಿಯಲೆಂದು, ಗಂಭೀರವಾಗಿ ಹೇಳಿ ಬರುತ್ತಿದ್ದರು.

ಸರ್ಕಾರಿ ಕೆಲಸದಿಂದ ನಿವೃತ್ತರಾದವರು ಸಂಜೆ ಪಾರ್ಕಿನಲ್ಲಿ ಕುಳಿತು ಪಿಂಚಣಿಯ ಮಾತಾಡುವುದು ನಮ್ಮ ಕಡೆಯ ಪದ್ಧತಿ. ಮಾವ ಮಾತ್ರ ಊಟದ ಮೇಜಿನ ಅರ್ಧವನ್ನು ಆಕ್ರಮಿಸಿಕೊಂಡು ಪುಟ್ಟ ವಿಮಾನ ಕಟ್ಟುತ್ತಿದ್ದರು. ಅಂಗಡಿಯ ಡಬ್ಬಿಯಲ್ಲಿ ಬರುವ ಬಿಡಿಭಾಗಗಳನ್ನು ಜೋಡಿಸುವುದಲ್ಲ. ಐಸ್‌ಕ್ರೀಂ ಕಡ್ಡಿ, ಖಾಲಿ ರೀಫಿಲ್ಲು, ಮದುವೆ ಕಾರ್ಡಿನ ದಪ್ಪ ಕಾಗದ, ಇಂಥವುಗಳಿಂದ ಬುಡದಿಂದಲೇ ಕಟ್ಟುವುದು. ಅದೂ ಯಾರೂ ಕೇಳರಿಯದ ವಿಮಾನಗಳು. ಯಾವುದೋ ದೇಶದಲ್ಲಿ ಒಂದೇ ಒಂದು ತಯಾರಾಗಿ, ನಾಲ್ಕು ದಿನ ಹಾರಿ, ಮೂಲೆ ಸೇರಿದಂಥವು. ಅಂಗೈಯಗಲದ ವಿಮಾನ, ಅದಕ್ಕೆ ಮೇಲೊಂದು ಕೆಳಗೊಂದು ರೆಕ್ಕೆ. "ಮದುವೆಗೆ ಉಡುಗೊರೆ ಕೊಟ್ಟಿದ್ದಕ್ಕೆ ಕಾರ್ಡಾದ್ರೂ ಉಪಯೋಗಕ್ಕೆ ಬಂತಲ್ಲ" ಎಂದು ಅತ್ತೆ ಸಮಾಧಾನಪಟ್ಟುಕೊಳ್ಳುತ್ತಿದ್ದರು.

ದ್ವಾರಕಾದಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದ ಆ ದಿನಗಳಲ್ಲಿ ನಾನು ಮೈಸೂರಿನಲ್ಲಿ ಬಾಣಂತನ ಮುಗಿಸಿ, ಕೂಸನ್ನೆತ್ತಿಕೊಂಡು ಈ ಮನೆಗೆ ಮರಳಿದೆ. ಬಂದ ಮೇಲೆ ಕೂದಲು ಉದುರಲು ಶುರುವಾಯಿತು. ಸೊಂಟದವರೆಗಿದ್ದ ಜಡೆ ಇಲಿ ಬಾಲವಾಯಿತು. ಹೆತ್ತವರಿಗೆಲ್ಲ ಆಗುವುದೇ ಎಂದರು ಎಲ್ಲರೂ. ನನಗೋ, ನಾನೇ ಎಳೆಎಳೆಯಾಗಿ ಕಳಚಿ ಹೋಗುತ್ತಿದ್ದೇನೆ ಅನ್ನಿಸುತ್ತಿತ್ತು. ಕನ್ನಡಿ ನೋಡುವುದನ್ನು ಬಿಟ್ಟೆ, ಮನೆಯಿಂದ ಹೊರಗೆ ಕಾಲಿಡುವುದನ್ನೂ ಬಿಟ್ಟೆ. ಮತ್ತೆ ಮೊದಲಿನವಳಾಗುತ್ತೇನೆಂಬ ನಂಬಿಕೆಯೇ ಹೋಗಿತ್ತು.

ಉದುರಿದ ಕೂದಲಿಗೂ ನಮ್ಮಲ್ಲಿ ಶಾಸ್ತ್ರವಿದೆಯಲ್ಲ. ಬೆರಳಿಗೆ ಸುತ್ತಿ, ಉಂಡೆ ಮಾಡಿ, ಥೂ ಥೂ ಎಂದು ಉಗಿದು ಹೊರಗೆಸೆಯಬೇಕು. ಒಂದೆಳೆ ಒಳಗುಳಿದರೂ ಅತ್ತೆಯ ಪ್ರಕಾರ ಮನೆಗೆ ದರಿದ್ರ. ಒಂದು ಬೆಳಿಗ್ಗೆ ನಾನು ಹಾಗೆ ಉಗಿಯಲು ಹೊರಟಾಗ ಮಾವ ಚಿಮಟ ಕೆಳಗಿಟ್ಟರು. ಸಂಕೋಚದ ಮನುಷ್ಯ, ನನ್ನೊಡನೆ ನೇರವಾಗಿ ಮಾತಾಡಿದವರೇ ಅಲ್ಲ. ಅತ್ತೆಯ ಕಡೆ ತಿರುಗಿ, "ಅದನ್ನ ಎಸೀಬೇಡ ಅಂತ ಹೇಳು ಅವಳಿಗೆ. ನನಗೆ ಬೇಕು" ಎಂದರು.

"ಸೊಸೆ ಕೂದಲಾ? ಯಾರಿಗ್ರೀ ಮಾಟ ಮಾಡಿಸ್ತೀರಾ?" ಅತ್ತೆ ಹೌಹಾರಿದರು.

"ಮಾಟ ಅಲ್ಲ ಕಣೇ, ತಂತಿಗೆ. ಎರಡು ರೆಕ್ಕೆ ನಡುವೆ ತಂತಿ ಬಿಗೀಬೇಕು. ದಾರ ಹಾಕಿದ್ರೆ ಹಗ್ಗದ ಥರ ಕಾಣತ್ತೆ."

"ಹಾಗಿದ್ರೆ ನನ್ನ ಕೂದಲೇನು ಪಾಪ ಮಾಡಿತ್ತು?"

"ನಿಂದು ಗುಂಗುರು. ವಿಮಾನ ಸೊಟ್ಟಗಾಗತ್ತೆ."

ದರಿದ್ರದ ಭಯಕ್ಕಿಂತ ಈ ಅವಮಾನ ದೊಡ್ಡದಾಯಿತು. ಅರ್ಧ ದಿನ ಮುನಿಸಿಕೊಂಡು ಅತ್ತೆ ಕೊನೆಗೂ ಒಪ್ಪಿದರು: ಕೂದಲನ್ನು ಸೀಗೇಪುಡಿ ಹಾಕಿ ತೊಳೆದು, ಮಾತ್ರೆ ಡಬ್ಬಿಯಲ್ಲಿಟ್ಟು, ದೇವರ ಗೂಡಿಗೆ ಕಾಣದಂತೆ ಇಡಬೇಕು.

ಮರುದಿನ ಮಾವ ಒಂದೆಳೆಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆದು ನೋಡಿದರು. ಆಮೇಲೆ ಮೊದಲ ಸಲ ನನ್ನ ಮುಖ ನೋಡಿ, "ನೋಡಮ್ಮ, ಉದುರಿದ್ದಾದ್ರೂ ಎಷ್ಟು ಗಟ್ಟಿ ಇದೆ" ಎಂದರು. ನನಗೆ ಅಳು ಬಂದುಬಿಟ್ಟಿತು. ಸಮಾಧಾನ ಹೇಳಲು ಬಾರದ ಮಾವ ಗಾಬರಿಯಲ್ಲಿ ಚಿಮಟವನ್ನೇ ನನ್ನ ಕೈಗೆ ಕೊಟ್ಟರು. "ಚಲೋ, ನೀನೇ ಕಟ್ಟು."

ಸೂಜಿಮೊನೆಯಷ್ಟು ತೂತು, ಅದರೊಳಗೆ ಕೂದಲು, ಮೇಲೊಂದು ಹನಿ ಅಂಟು. ಜೋರಾಗಿ ಉಸಿರು ಬಿಟ್ಟರೆ ಕೆಟ್ಟಿತು. ಮೊದಲ ದಿನ ರೆಕ್ಕೆಗಿಂತ ನನ್ನ ಬೆರಳುಗಳೇ ಹೆಚ್ಚು ಅಂಟಿಕೊಂಡವು. ಕೂಸು ಮಲಗಿದಾಗಲೆಲ್ಲ ಮೇಜಿಗೆ ಓಡುತ್ತಿದ್ದೆ. ಬಾಚುವಾಗ ಎದೆ ಧಸಕ್ಕೆನ್ನುವ ಬದಲು, ಉದ್ದದ ಎಳೆ ಸಿಕ್ಕೀತೇ ಎಂದು ಹುಡುಕುವಂತಾದೆ.

"ಹೆಸರಾದ ವಿಮಾನ ಕಟ್ಟಬಾರದಾ, ಮಾವ?" ಎಂದು ಒಮ್ಮೆ ಕೇಳಿದೆ.

"ಅದಕ್ಕೆ ಬೇಕಾದಷ್ಟು ಜನ ಇದಾರೆ. ಇದಕ್ಕೆ ನಾವಿಬ್ರೇ."

ಆ 'ನಾವಿಬ್ರೇ' ನನಗೆ ಯಾವ ಟಾನಿಕ್ಕಿಗಿಂತಲೂ ಹೆಚ್ಚು ಮೈಗೆ ಹತ್ತಿತು. ವಿಮಾನ ಮುಗಿದ ಸಂಜೆ ಇಲಿ ಬಾಲದ ಜಡೆಯಲ್ಲೇ ಕೂಸನ್ನೆತ್ತಿಕೊಂಡು ಪಾರ್ಕಿಗೆ ಹೋದೆ. ಉದುರುವುದು ಯಾವಾಗ ನಿಂತಿತೋ ನಾನು ಗಮನಿಸಲೇ ಇಲ್ಲ. ಗಮನಿಸಿದವರು ಮಾವ, ಡಬ್ಬಿ ಖಾಲಿಯಾಯಿತೆಂದು ಗೊಣಗಿದರು.

ಈಗ ಮಾವನಿಗೆ ಎಂಬತ್ತು ದಾಟಿದೆ. ಕಟ್ಟುವವಳು ನಾನು, ತಪ್ಪು ಹುಡುಕುವವರು ಅವರು. ನಿನ್ನೆ ಮಗಳು ನನ್ನ ಬೈತಲೆ ನೋಡಿ ರಾಗ ಎಳೆದಳು: "ಅಮ್ಮಾ, ಕಿತ್ನಾ ವೈಟ್ ಆಗಿದೆ ಯಾರ್! ಸಂಡೇ ಕಲರ್ ಹಾಕ್ತೀನಿ." ಆಗಲಿ ಎಂದೆ. ವಯಸ್ಸಾಯಿತಲ್ಲ ಎಂದು ಮನಸ್ಸು ಕುಗ್ಗಿತ್ತು. ಸಂಜೆ ರೆಕ್ಕೆಗೆ ಕಟ್ಟಲು ಬಾಚಣಿಗೆಯಲ್ಲಿ ಕೂದಲು ಹುಡುಕಿದರೆ ಸಿಕ್ಕಿದ್ದು ಒಂದು ಬಿಳಿ ಎಳೆ. ನಾಚಿಕೊಳ್ಳುತ್ತಲೇ ಮಾವನ ಮುಂದೆ ಹಿಡಿದೆ. ಅವರು ಭೂತಗನ್ನಡಿಯಲ್ಲಿ ಅದನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು.

"ಉಕ್ಕಿನ ತಂತಿ ಅಂದ್ರೆ ಇದು! ಇಷ್ಟು ವರ್ಷ ಎಲ್ಲಿಟ್ಟಿದ್ದೆ ಇದನ್ನ?"

ಕಲರ್ ಬೇಡವೆಂದು ಮಗಳಿಗೆ ಹೇಳಿದೆ. ಇನ್ನೂ ಒಂದು ಪಕ್ಕದ ತಂತಿ ಬಾಕಿಯಿದೆ.